ಸೂರ್ಯನ ಚಿತ್ರಕ್ಕೆ ದಿನಾಂಕ ಬೇಕು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಪ್ರೌಢಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವವರು ಸೂರ್ಯನ ಪಾಠಕ್ಕೆ ಮೊಬೈಲಿನಲ್ಲಿ ಸಿಕ್ಕ ಬಣ್ಣದ ಚಿತ್ರವನ್ನು ಅಂಟಿಸಬೇಕಿಲ್ಲ. ಕೊಡೈಕೆನಾಲ್ ಸೌರ ವೀಕ್ಷಣಾಲಯದಲ್ಲಿ 1904ರಿಂದ ತೆಗೆದ ಸೂರ್ಯಬಿಂಬದ ಛಾಯಾಚಿತ್ರಗಳನ್ನು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದು ಜಾಲತಾಣದಲ್ಲಿ ತೆರೆದಿಟ್ಟಿದೆ. ದಿನಾಂಕ ಕೊಟ್ಟು ಹುಡುಕಬಹುದು. ಮೋಡ ಕವಿದ ದಿನಗಳ ಚಿತ್ರ ಸಿಗದು. ಅದನ್ನೂ ಮಕ್ಕಳಿಗೆ ಹೇಳಿ.

ಸೌರಕಲೆ ಕಾಣುವ ನಾಲ್ಕೈದು ದಿನಗಳ ಬಿಳಿಬೆಳಕಿನ ಚಿತ್ರಗಳನ್ನು ಆರಿಸಿ. ಉತ್ತರ ದಿಕ್ಕು ಎಲ್ಲದರಲ್ಲೂ ಒಂದೇ ಕಡೆಗಿದೆಯೇ ನೋಡಿಕೊಂಡು, ತೆಳು ಕಾಗದವಿಟ್ಟು ಕಲೆಯನ್ನು ಗುರುತಿಸಲು ಹೇಳಿ. ಭೂಮಿಯಿಂದ ನೋಡಿದಂತೆ ಸೂರ್ಯ ಸುಮಾರು 27 ದಿನಕ್ಕೊಮ್ಮೆ ತಿರುಗುತ್ತದೆ. ಅಂದರೆ ಕಲೆ ದಿನಕ್ಕೆ ಸುಮಾರು 13 ಡಿಗ್ರಿ ಸರಿಯುತ್ತದೆ. ಸಮಯ ಭಾರತೀಯ ಕಾಲಮಾನದ್ದೋ ಅಂತರರಾಷ್ಟ್ರೀಯ ಕಾಲಮಾನದ್ದೋ ಎಂಬುದನ್ನೂ ನೋಡಿ. ಐದೂವರೆ ಗಂಟೆಯ ವ್ಯತ್ಯಾಸವೆಂದರೆ 3 ಡಿಗ್ರಿ!

ದಿನಾಂಕವಿಲ್ಲದ ಚಿತ್ರದಿಂದ ಈ ಲೆಕ್ಕ ಸಾಧ್ಯವೇ ಇಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಟಿ ಕಳೆದ ಮೆಣಸಿನಕಾಯಿ ಚೀಲದಂತೆ ಅದು: ಮಾಲು ಇದೆ, ಯಾರದೆಂದು ಗೊತ್ತಿಲ್ಲ. ಆದ್ದರಿಂದ ಋಣಸ್ಮರಣೆಯ ಸಾಲು ಪಾಠಯೋಜನೆಯ ಕೊನೆಯಲ್ಲಿ ಅಲ್ಲ, ಚಿತ್ರದ ಅಡಿಯಲ್ಲೇ ಇರಲಿ. ವೀಕ್ಷಣಾಲಯ, ಸಂಸ್ಥೆ, ಚಿತ್ರ ತೆಗೆದ ದಿನ ಮತ್ತು ಸಮಯ, ನೀವು ಇಳಿಸಿಕೊಂಡ ದಿನ ಬರೆಯಿರಿ. ತಾಣದಲ್ಲಿ ಸಂಸ್ಥೆಯೇ ಸೂಚಿಸಿದ ವಾಕ್ಯವಿದ್ದರೆ ಅದನ್ನೇ ಬಳಸಿ. ಚಿತ್ರವನ್ನು ಕತ್ತರಿಸಿದ್ದರೆ, ಬಣ್ಣ ತುಂಬಿದ್ದರೆ ಅದೂ ಆ ಸಾಲಿನಲ್ಲೇ ಬರಲಿ.