ಬಾನೆಟ್ ಕತ್ತರಿಸೋ ಮುಂಚೆ: ಹಳೇ ಜೀಪಿನ ಗ್ರಿಲ್ ಕಥೆ

ಸಿದ್ದಾಪುರದಿಂದ ಮಾತಾಡ್ತಾ ಇದೀನಿ. ಹೌದು, ಮೊಳಕಾಲ್ಮೂರು ತಾಲ್ಲೂಕಿನ, ಅಶೋಕನ ಶಾಸನದ ಸಿದ್ದಾಪುರ. ಶಿರಸಿ ಪಕ್ಕದ್ದಲ್ಲ.

ಚಳ್ಳಕೆರೆ ಕಡೆಯ ಕೇಳುಗ ಒಬ್ಬ ವಾಯ್ಸ್ ನೋಟ್ ಕಳಿಸಿದ್ದ. ಅವರ ತಾತನ ಜೀಪು ಕಣದ ಪಕ್ಕ ನಿಂತಿದೆ, ಆರ್‌ಸಿಯಲ್ಲಿ 1968ರ ಮಹೀಂದ್ರಾ ಸಿಜೆ-3ಬಿ ಅಂತಿದೆ. ಯಾರೋ ಬಂದು, "ಬಾನೆಟ್ ಕತ್ತರಿಸಿ ತಗ್ಗಿಸೋಣ, ಒಂಬತ್ತು ಸೀಳಿನ ಗ್ರಿಲ್ ಹಾಕೋಣ, ಎರಡನೇ ಮಹಾಯುದ್ಧದ ಜೀಪು ಅಂತ ಮಾರಬಹುದು" ಅಂದಿದ್ದಾರಂತೆ. ಮಾಡಿಸ್ಲಾ ಬೇಡ್ವಾ ಅನ್ನೋದು ಅವನ ಪ್ರಶ್ನೆ.

ಮೊದಲು ಸೀಳುಗಳ ಲೆಕ್ಕ. ಯುದ್ಧಕಾಲದ ಜೀಪನ್ನ ಅಮೆರಿಕದಲ್ಲಿ ಮುಖ್ಯವಾಗಿ ಎರಡು ಕಂಪನಿ ತಯಾರಿಸಿದ್ವು, ವಿಲ್ಲೀಸ್ ಮತ್ತು ಫೋರ್ಡ್. ವಿಲ್ಲೀಸ್‌ನ ಮೊದಮೊದಲ ಗಾಡಿಗಳ ಗ್ರಿಲ್ ಅಂದ್ರೆ ಕಬ್ಬಿಣದ ಪಟ್ಟಿಗಳನ್ನ ವೆಲ್ಡ್ ಮಾಡಿದ್ದು, ನಮ್ಮ ಮನೆ ಕಿಟಕಿ ಸರಳಿನ ಥರ. ಒಂದೇ ತಗಡನ್ನ ಪ್ರೆಸ್‌ನಲ್ಲಿ ಒತ್ತಿ ಒಂಬತ್ತು ಸೀಳು ಮಾಡಿದ್ದು ಫೋರ್ಡ್. ಹಗುರ, ಅಗ್ಗ. ಆಮೇಲೆ ವಿಲ್ಲೀಸ್ ಕೂಡ ಅದನ್ನೇ ಹಾಕ್ತು. ಇವತ್ತು ಟೀ ಶರ್ಟ್ ಮೇಲೆ ಪ್ರಿಂಟ್ ಹಾಕ್ಕೊಳ್ಳೋ ಈ 'ಸ್ಟೈಲು' ಹುಟ್ಟಿದ್ದು ಖರ್ಚು ಉಳಿಸೋಕೆ. ಬಿಕಾಂ ಓದಿದವನಿಗೆ ಇದು ಖುಷಿ ಕೊಡೋ ವಿಷಯ!

1945ರಲ್ಲಿ ಜನಸಾಮಾನ್ಯರಿಗಾಗಿ ಸಿಜೆ-2ಎ ಬಂತು. ಹೆಡ್‌ಲೈಟ್ ದೊಡ್ಡದಾಯ್ತು, ಸೀಳು ಏಳಕ್ಕೆ ಇಳೀತು. ಯುದ್ಧದ ಜೀಪಲ್ಲಿ ಹೆಡ್‌ಲೈಟ್ ಗ್ರಿಲ್‌ನ ಒಳಗೆ ಕೂತಿರುತ್ತೆ, ಹಿಂದಕ್ಕೆ ತಿರುಗಿಸಿದ್ರೆ ರಾತ್ರಿ ರಿಪೇರಿಗೆ ಎಂಜಿನ್ ಮೇಲೇ ಬೆಳಕು ಬೀಳುತ್ತೆ. ಗಾಜು ಎರಡು ತುಂಡು. ಸ್ಟೆಪ್ನಿ ಹಿಂದೆ. ಹಿಂಬದಿ ತೆರೆಯೋ ಬಾಗಿಲು ಇಲ್ಲ. ಫೋರ್ಡ್ ಗಾಡಿಯಾದ್ರೆ ಬೋಲ್ಟ್ ತಲೆ ಮೇಲೂ 'ಎಫ್' ಅಕ್ಷರ ಇರುತ್ತೆ, ಆ ಬೋಲ್ಟ್‌ಗಳಿಗಾಗಿ ಜನ ಗುಜರಿ ಜಾಲಾಡ್ತಾರೆ. ಬರೀ ಗ್ರಿಲ್ ಬದಲಾಯಿಸಿದ್ರೆ ಇದ್ಯಾವುದೂ ಬರಲ್ಲ, ತಿಳಿದವರು ಎರಡೇ ನಿಮಿಷದಲ್ಲಿ ಹಿಡೀತಾರೆ.

ಸಿಜೆ-3ಬಿ ಬಾನೆಟ್ ಯಾಕೆ ಅಷ್ಟೆತ್ತರ? 1953ರಲ್ಲಿ ವಿಲ್ಲೀಸ್ 'ಹರಿಕೇನ್' ಎಂಜಿನ್ ಹಾಕ್ತು. ಅದರ ಇನ್‌ಟೇಕ್ ವಾಲ್ವ್‌ಗಳು ಮೇಲ್ಗಡೆ ಇರೋದ್ರಿಂದ ಎಂಜಿನ್ನೇ ಎತ್ತರ ಆಯ್ತು, ಹಳೇ ಬಾನೆಟ್ ಮುಚ್ಚಲಿಲ್ಲ. ಸರಿ, ಬಾನೆಟ್ಟನ್ನೇ ಎತ್ತರಿಸಿದ್ರು. ಅದನ್ನ ಕತ್ತರಿಸಿ ತಗ್ಗಿಸಿದ್ರೆ ಕೆಳಗಿರೋ ಎಂಜಿನ್ ಎಲ್ಲಿಗೆ ಹೋಗ್ಬೇಕು? ಎಂಜಿನ್ನೂ ಬದಲಾಯಿಸಬೇಕು. ನೂರಕ್ಕೆ ಶುರುವಾದ ಕೆಲಸ ಸಾವಿರಕ್ಕೆ ಹೋಗೋದು ಹೀಗೇನೇ.

ಅಮೆರಿಕದಲ್ಲಿ ಈ ಮಾದರಿ 1960ರ ದಶಕದಲ್ಲೇ ನಿಂತೋಯ್ತು. 1947ರಿಂದಲೇ ವಿಲ್ಲೀಸ್ ಜೀಪು ಜೋಡಿಸ್ತಿದ್ದ ಮಹೀಂದ್ರಾ ಮಾತ್ರ ಇದನ್ನ ಆಮೇಲೂ ಎಷ್ಟೋ ವರ್ಷ ತಯಾರಿಸ್ತು. ಅದಕ್ಕೇ ಇದರ ಬಿಡಿಭಾಗ ಇಲ್ಲಿ ಸಿಗೋಷ್ಟು ಸಲೀಸಾಗಿ ಬೇರೆ ಹಳೇ ಅಮೆರಿಕನ್ ಕಾರಿಂದು ಸಿಗಲ್ಲ. ಬೆಂಗಳೂರಿನ ಜೆಸಿ ರಸ್ತೆಗೆ ಹೋಗೋರು ಒಂದು ವಿಷಯ ನೆನಪಿಡಿ: ಮೂಲ ಜೀಪಿನ ನಟ್ಟು ಬೋಲ್ಟು ಇಂಚಿನ ಲೆಕ್ಕ. ಅರ್ಧ ಇಂಚು ಅಂದ್ರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿದ್ರೆ ಕೂತಂಗೆ ಕಾಣುತ್ತೆ, ಆದ್ರೆ ತುಕ್ಕು ಹಿಡಿದಿದ್ರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತೆ. ಪ್ಯೂಜೋ ಡೀಸೆಲ್ ಎಂಜಿನ್ ಕೂರಿಸಿದ ಗಾಡಿಗಳಲ್ಲಿ ಎಂಜಿನ್ ಮಿಲಿಮೀಟರು, ಛಾಸಿ ಇಂಚು. ಎರಡು ಸೆಟ್ ಸ್ಪ್ಯಾನರ್ ಬೇಕೇ ಬೇಕು.

ಆಕಾರಕ್ಕೆ ಎಷ್ಟು ಬೆಲೆ ಅಂತೀರಾ? ಮಹೀಂದ್ರಾ ಅಮೆರಿಕದಲ್ಲಿ 'ರಾಕ್ಸರ್' ಮಾರೋಕೆ ಹೋದಾಗ, ಜೀಪಿನ ಆಗಿನ ಒಡೆಯರಾಗಿದ್ದ ಫಿಯೆಟ್ ಕ್ರೈಸ್ಲರ್ 2018ರಲ್ಲಿ ದೂರು ಕೊಡ್ತು. ಚಪ್ಪಟೆ ಬಾನೆಟ್, ನಿಂತ ಸೀಳು, ಬಾನೆಟ್‌ನ ಹೊರಗಿನ ಕೊಂಡಿ, ಎಲ್ಲಾ ನಮ್ಮದು ಅಂತ. 2020ರ ಜೂನ್‌ನಲ್ಲಿ ಅಲ್ಲಿನ ವ್ಯಾಪಾರ ಆಯೋಗ ಅದನ್ನ ಒಪ್ಕೊಳ್ತು. ಮಹೀಂದ್ರಾ ಮುಖವನ್ನೇ ಬದಲಾಯಿಸಬೇಕಾಯ್ತು. ವಿಲ್ಲೀಸ್‌ನಿಂದಲೇ ಲೈಸೆನ್ಸ್ ತಗೊಂಡು ಬೆಳೆದ ಕಂಪನಿಗೆ ಈ ಗತಿ. ನನಗಂತೂ ಸ್ವಲ್ಪ ಅನ್ಯಾಯ ಅನ್ಸುತ್ತೆ.

ಈಗ ಆ ಹುಡುಗನ ದುಡ್ಡಿನ ವಿಷಯ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ಚಾಲ್ತಿ, ನಂಬರಲ್ಲಿ 'ವಿಎ' ಅಕ್ಷರ. ಷರತ್ತು ಏನಂದ್ರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಛಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. 1968ರ ಗಾಡಿಗೆ ವಯಸ್ಸಿನ ಅರ್ಹತೆ ಆಗ್ಲೇ ಇದೆ. ಬಾನೆಟ್ ಕತ್ತರಿಸಿದ್ರೆ ಆ ಅರ್ಹತೆಗೇ ಕುತ್ತು, ಜೊತೆಗೆ ಯುದ್ಧದ ಜೀಪು ಅಂತ ಸುಳ್ಳು ಹೇಳಿ ಮಾರೋದು ವಂಚನೆ. ಆದ್ರೆ ದಿನಾ ಹೊಲಕ್ಕೆ ಓಡಿಸೋದಿದ್ರೆ ವಿಂಟೇಜ್ ನಂಬರ್ ಬೇಡ, ಅದು ರ‍್ಯಾಲಿ, ಪ್ರದರ್ಶನಕ್ಕೆ ಮಾತ್ರ, ದಿನಬಳಕೆಗೆ ಅವಕಾಶ ಇಲ್ಲ.

ಹಾಗಾಗಿ ನನ್ನ ಉತ್ತರ: ಕತ್ತರಿಸಬೇಡ. ಮೊದಲು ಬಾನೆಟ್ ಎತ್ತಿ, ಒಳಗಿರೋದು ಹರಿಕೇನಾ ಡೀಸೆಲ್ಲಾ ನೋಡು, ಎಂಜಿನ್ ನಂಬರ್, ಛಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ಹಾಕು. ಫೋಟೋ ಕಳಿಸ್ತೀನಿ ಅಂದಿದ್ದಾನೆ. ಬಾನೆಟ್ ಕೊಂಡಿ ತುಕ್ಕು ಹಿಡಿದು ಬಿಚ್ತಾ ಇಲ್ವಂತೆ, ಸೀಮೆಎಣ್ಣೆ ಹಾಕಿ ಬಿಟ್ಟಿದ್ದಾನೆ.