ರೆಕ್ಕೆ ಮೂಡಿಸುವ ಪಾಠ

ಶಾಲೆ ಬಿಟ್ಟಾಗ ಲೆನ್ ವಾಟರ್ಸ್‌ಗೆ ಹದಿನಾಲ್ಕು ವರ್ಷ. ಆಸ್ಟ್ರೇಲಿಯಾದ ಮೂಲನಿವಾಸಿ ಕುಟುಂಬದ ಬಡ ಹುಡುಗ. ದುಡಿಯದೆ ವಿಧಿಯಿರಲಿಲ್ಲ, ಕುರಿಗಳ ಉಣ್ಣೆ ಕತ್ತರಿಸುವ ಕೆಲಸವನ್ನೂ ಮಾಡಿದ. ೧೯೪೨ರಲ್ಲಿ ವಾಯುಪಡೆಗೆ ಸೇರಿದ್ದು ಮೆಕ್ಯಾನಿಕ್ ಆಗಲು. ಆದರೆ ಅವನ ಕಣ್ಣಿದ್ದದ್ದು ಪೈಲಟ್‌ನ ಸೀಟಿನ ಮೇಲೆ. ಅರ್ಧಕ್ಕೆ ನಿಂತ ಓದನ್ನು ರಾತ್ರಿ ಹೊತ್ತು ಕುಳಿತು ಮುಂದುವರಿಸಿದ. ಯುದ್ಧ ಮುಗಿಯುವ ವೇಳೆಗೆ ಕಿಟ್ಟಿಹಾಕ್ ಯುದ್ಧವಿಮಾನದಲ್ಲಿ ೯೫ ಬಾರಿ ಕಾರ್ಯಾಚರಣೆಗೆ ಹಾರಿದ್ದ!

ಶಾಲೆಯಲ್ಲಿ ನಿಲ್ಲದ ಹುಡುಗ ವಿಮಾನಕ್ಕಾಗಿ ಗಣಿತ ಕಲಿತ. ಹಿಂದುಳಿದ ಮಕ್ಕಳಿಗೆ ವಿಮಾನಯಾನದ ಮೂಲಕ ವಿಜ್ಞಾನ ಕಲಿಸಬೇಕೆನ್ನುವವರ ವಾದದ ತಿರುಳೂ ಇದೇ.

ಶಾಲೆ ಏಕೆ ದೂರವಾಯಿತು?

೨೦೨೧ರ ಜನಗಣತಿಯಂತೆ ಆಸ್ಟ್ರೇಲಿಯಾದ ೨೦ರಿಂದ ೨೪ ವರ್ಷದ ಮೂಲನಿವಾಸಿ ಯುವಜನರಲ್ಲಿ ಹನ್ನೆರಡನೇ ತರಗತಿ ಅಥವಾ ಅದಕ್ಕೆ ಸಮನಾದ ತರಬೇತಿ ಮುಗಿಸಿದವರು ನೂರಕ್ಕೆ ಸುಮಾರು ೬೮ ಮಂದಿ. ಉಳಿದವರಲ್ಲಿ ಈ ಸಂಖ್ಯೆ ತೊಂಬತ್ತಕ್ಕೂ ಹೆಚ್ಚು. ಇದು ಬುದ್ಧಿಯ ಕೊರತೆಯಲ್ಲ. ಒಳನಾಡಿನ ಎಷ್ಟೋ ಮಕ್ಕಳ ಮನೆಮಾತು ಒಂದು, ಶಾಲೆಯ ಇಂಗ್ಲಿಷ್ ಇನ್ನೊಂದು. ಹೈಸ್ಕೂಲಿಗೆಂದು ನೂರಾರು ಕಿಲೋಮೀಟರ್ ದೂರದ ಹಾಸ್ಟೆಲ್ ಸೇರಬೇಕು. ಮೇಲಾಗಿ, ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ಬಲವಂತವಾಗಿ ಕಿತ್ತುಕೊಂಡು ಹೋದ ದಶಕಗಳ ನೆನಪು ಮಾಸಿಲ್ಲ. ಅದಕ್ಕಾಗಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ೨೦೦೮ರಲ್ಲಿ. ಸರಕಾರಿ ಸಂಸ್ಥೆಗಳನ್ನು ಕಂಡರೆ ಹಿರಿಯರಿಗೇ ಅಳುಕು ಇರುವಾಗ ಮಕ್ಕಳ ಮಾತೇನು?

ಆದರೆ ವಿಮಾನ ಅವರಿಗೆ ಅಪರಿಚಿತವಲ್ಲ. ಮಳೆಗಾಲದಲ್ಲಿ ರಸ್ತೆ ಮುಚ್ಚುವ ಉತ್ತರದ ಹಳ್ಳಿಗಳಿಗೆ ಔಷಧ, ಅಂಚೆ ಬರುವುದೇ ವಿಮಾನದಲ್ಲಿ. ಕ್ವೀನ್ಸ್‌ಲ್ಯಾಂಡಿನ ಕ್ಲೋನ್‌ಕರಿಯಿಂದ ೧೯೨೮ರ ಮೇ ೧೭ರಂದು ಹಾರುವ ವೈದ್ಯರ ಸೇವೆ ಆರಂಭವಾಯಿತು. ಊರ ಅಂಚಿನ ಮಣ್ಣಿನ ರನ್‌ವೇ ಮಕ್ಕಳಿಗೆ ದಿನನಿತ್ಯದ ನೋಟ.

ಬೂಮರಾಂಗಿನ ಭೌತಶಾಸ್ತ್ರ

ತ್ರಿಕೋನಮಿತಿ ಯಾಕೆ ಬೇಕು ಸಾರ್ ಎಂದು ಕೇಳುವ ಹುಡುಗನಿಗೆ ಪೈಲಟ್‌ಗಳ ಒಂದು ಸರಳ ಲೆಕ್ಕ ಹೇಳಬಹುದು. ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ, ೬೦ ಕಿಲೋಮೀಟರ್ ಹಾರುವಷ್ಟರಲ್ಲಿ ಸುಮಾರು ಒಂದು ಕಿಲೋಮೀಟರ್ ದಾರಿ ತಪ್ಪಿರುತ್ತದೆ. ಎರಡು ಡಿಗ್ರಿ ತಪ್ಪಿ ೩೦೦ ಕಿಲೋಮೀಟರ್ ಹಾರಿದರೆ ಹತ್ತು ಕಿಲೋಮೀಟರ್ ಆಚೆ! ಬಯಲುಸೀಮೆಯ ಪುಟ್ಟ ರನ್‌ವೇ ಕಣ್ಣಿಗೇ ಬೀಳಲಿಕ್ಕಿಲ್ಲ. ಈಗ ಕೋನ ಬರೀ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಇನ್ನು ಬೂಮರಾಂಗ್. ಬೇಟೆಯ ಬೂಮರಾಂಗುಗಳಲ್ಲಿ ಹೆಚ್ಚಿನವು ಮರಳಿ ಬರುವುದಿಲ್ಲ. ಮರಳಿ ಬರುವುದರ ತೋಳುಗಳು ವಿಮಾನದ ರೆಕ್ಕೆಯಂತಿರುತ್ತವೆ. ಅದನ್ನು ಬಹುತೇಕ ನೆಟ್ಟಗೆ ಹಿಡಿದು ತಿರುಗುವಂತೆ ಎಸೆದಾಗ, ಮೇಲಿನ ತೋಳು ಮುಂದಕ್ಕೆ ಸಾಗುವುದರಿಂದ ಅದಕ್ಕೆ ತಾಗುವ ಗಾಳಿಯ ವೇಗ ಹೆಚ್ಚು, ಕೆಳಗಿನದಕ್ಕೆ ಕಡಿಮೆ. ಮೇಲೆ ಹೆಚ್ಚು ಒತ್ತಡ ಬಿದ್ದರೂ ತಿರುಗುವ ಬುಗುರಿಯಂತೆ ಅದು ಮಗುಚದೆ ದಿಕ್ಕು ಬದಲಿಸುತ್ತಾ ವೃತ್ತಾಕಾರದಲ್ಲಿ ಹಿಂತಿರುಗುತ್ತದೆ. ಇದೇ ತತ್ವದಿಂದ ನೇರವಾಗಿ ಮೇಲೇರುವ ಯಂತ್ರ ಸಾಧ್ಯವೆಂದು ೧೯೧೪ರಲ್ಲೇ ಹೇಳಿದವರು ಡೇವಿಡ್ ಉನೈಪಾನ್, ಮೂಲನಿವಾಸಿ ಸಂಶೋಧಕ. ೧೯೯೫ರಿಂದ ಅವರ ಚಿತ್ರ ಆಸ್ಟ್ರೇಲಿಯಾದ ೫೦ ಡಾಲರ್ ನೋಟಿನ ಮೇಲಿದೆ. ವಿಜ್ಞಾನ ಪರರ ಸೊತ್ತಲ್ಲ, ತನ್ನ ಅಜ್ಜಂದಿರ ಕೈಯಲ್ಲೂ ಇತ್ತೆಂದು ತಿಳಿದ ಮಗು ಪಾಠವನ್ನು ಬೇರೆಯೇ ಬಗೆಯಲ್ಲಿ ಕೇಳುತ್ತದೆ.

ಕಲಿತ ಮೇಲೆ?

ಇಷ್ಟಕ್ಕೇ ನಿಲ್ಲುವಂತಿಲ್ಲ. ಯುದ್ಧಾನಂತರ ವಾಟರ್ಸ್ ತನ್ನ ಸೀಮೆಯಲ್ಲಿ ಸಣ್ಣ ವಿಮಾನ ಸೇವೆ ತೆರೆಯಲು ಓಡಾಡಿದ. ಹಣವೂ ಸಿಗಲಿಲ್ಲ, ಅಧಿಕಾರಿಗಳ ಒಪ್ಪಿಗೆಯೂ ಸಿಗಲಿಲ್ಲ. ೯೫ ಬಾರಿ ಪ್ರಾಣ ಒತ್ತೆಯಿಟ್ಟು ಹಾರಿದವನು ಮತ್ತೆ ಉಣ್ಣೆ ಕತ್ತರಿಸಲು ಹೋದ. ೧೯೯೩ರಲ್ಲಿ ತೀರಿಕೊಂಡ. ಕಲಿಕೆಗೆ ರೆಕ್ಕೆ ಕಟ್ಟಿ, ಇಳಿಯಲು ನೆಲ ಕೊಡದಿದ್ದರೆ ಅದು ಹೊಸ ಅನ್ಯಾಯ.

ಆದ್ದರಿಂದಲೇ ತರಗತಿಯ ಪಾಠದ ಜೊತೆಗೆ ಲೈಸೆನ್ಸ್, ಅಪ್ರೆಂಟಿಸ್ ತರಬೇತಿ, ಉದ್ಯೋಗದ ದಾರಿಯೂ ಇರಬೇಕು. ಕ್ವೀನ್ಸ್‌ಲ್ಯಾಂಡಿನ ಹನ್ನೊಂದು-ಹನ್ನೆರಡನೇ ತರಗತಿಗಳಲ್ಲಿ ಏರೋಸ್ಪೇಸ್ ಒಂದು ಐಚ್ಛಿಕ ವಿಷಯ. ಕೆನಡಾದ ಟಯೆಂಡಿನೇಗಾದಲ್ಲಿ ಅಲ್ಲಿನ ಮೂಲನಿವಾಸಿಗಳದ್ದೇ ಸಂಸ್ಥೆಯೊಂದು ೧೯೯೦ರಿಂದ ತಮ್ಮ ಯುವಕ ಯುವತಿಯರನ್ನು ಪೈಲಟ್‌ಗಳನ್ನಾಗಿ ತಯಾರು ಮಾಡಿದೆ. ಎಲ್ಲರೂ ಪೈಲಟ್ ಆಗಬೇಕೆಂದಿಲ್ಲ. ಮೆಕ್ಯಾನಿಕ್, ಹವಾಮಾನ ವೀಕ್ಷಕ, ನಿಯಂತ್ರಣ ಗೋಪುರದ ಸಿಬ್ಬಂದಿಯೂ ಬೇಕಲ್ಲವೇ?

ವಿದ್ಯಾರ್ಥಿಗಳೇ, ದಪ್ಪ ರಟ್ಟಿನ ಎರಡು ಸಮಾನ ಪಟ್ಟಿಗಳನ್ನು ಅಧಿಕ ಚಿಹ್ನೆಯಂತೆ ಜೋಡಿಸಿ, ತೋಳುಗಳನ್ನು ತುಸು ಬಾಗಿಸಿ, ನೆಟ್ಟಗೆ ಹಿಡಿದು ತಿರುಗಿಸಿ ಎಸೆಯಿರಿ. ಕೆಲವು ಪ್ರಯತ್ನಗಳಲ್ಲಿ ಅದು ನಿಮ್ಮತ್ತ ತಿರುಗೀತು. ಪಾಲಕರೇ, ಆಗ 'ಓದೋದು ಬಿಟ್ಟು ಆಟವೇ?' ಎಂದು ಗದರಬೇಡಿ. ಓದು ಶುರುವಾಗುವುದೇ ಅಲ್ಲಿಂದ.