ತೆರೆದಿಟ್ಟ ಪುಟಗಳು: ನೀಲಗಿರಿಯ ಭಾಷಾಧ್ಯಯನ ಮತ್ತು ಬ್ರೌಸರ್ ಟ್ಯಾಬುಗಳ ನಿರ್ವಹಣೆ

ನೀಲಗಿರಿಯ ಬಡಗರು ತಮ್ಮ ಊರನ್ನು ‘ಹಟ್ಟಿ’ ಎನ್ನುತ್ತಾರೆ. ಕನ್ನಡದ ‘ಹಟ್ಟಿ’ಯೊಡನೆ ಈ ಪದಕ್ಕಿರುವ ನಂಟು ಮೇಲ್ನೋಟಕ್ಕೇ ಕಾಣುವಂಥದು. ಆದರೆ ಬಯಲಿನಲ್ಲಿ ದನದ ಕೊಟ್ಟಿಗೆ, ಕುರಿಗಳ ನೆಲೆ, ಮನೆ, ಕೇರಿ ಎಂದೆಲ್ಲ ಹರಡಿಕೊಂಡಿರುವ ಅರ್ಥವು ಬೆಟ್ಟದ ಮೇಲೆ ಇಡೀ ಊರಿಗೆ ನಿಂತದ್ದು ಹೇಗೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಆಕರಗಳು ಒಂದರ ಹಿಂದೊಂದು ತೆರೆದುಕೊಳ್ಳತೊಡಗುತ್ತವೆ. 1894ರ ಕಿಟ್ಟೆಲ್ ನಿಘಂಟು, ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು, ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೊ-ರೈಷೂರ್ ಅವರ 1992ರ ಬಡಗ-ಇಂಗ್ಲಿಷ್ ನಿಘಂಟು, ಗ್ರಿಗ್ 1880ರಲ್ಲಿ ಹೊರತಂದ ಜಿಲ್ಲಾ ಕೈಪಿಡಿ, ಫ್ರಾನ್ಸಿಸ್ ಅವರ 1908ರ ಗ್ಯಾಸೆಟಿಯರ್ ಇವಿಷ್ಟು ಮೊದಲ ಸಾಲು. ಹಟ್ಟಿಯ ಪಕ್ಕದಲ್ಲೇ ತೋಡರ ‘ಮಂದ್’ ಇರುವುದರಿಂದ ರಿವರ್ಸ್ ಅವರ 1906ರ ಗ್ರಂಥವೂ, ಕೋತರ ಊರುಗಳಿಗಾಗಿ ಎಮೆನೋ ಅವರ ಕೋತ ಪಠ್ಯಗಳೂ ಬೇಕಾಗುತ್ತವೆ. ಅರ್ಧ ಗಂಟೆಯೊಳಗೆ ಬ್ರೌಸರಿನ ನೆತ್ತಿಯ ಮೇಲೆ ಇಪ್ಪತ್ತು ಟ್ಯಾಬುಗಳು ಕಿಕ್ಕಿರಿದು ನಿಲ್ಲುತ್ತವೆ. ಯಾವ ಟ್ಯಾಬಿನ ಶೀರ್ಷಿಕೆಯೂ ಪೂರ್ತಿ ಓದಲು ಬಾರದು.

ಈ ಲೇಖನದ ವಸ್ತು ಹಟ್ಟಿಯ ವ್ಯುತ್ಪತ್ತಿಯಲ್ಲ, ಆ ಟ್ಯಾಬುಗಳು. ಸಂಶೋಧನಾ ಪತ್ರಿಕೆಗೆ ಇದು ತೀರ ಸಣ್ಣ ವಿಷಯವೆಂದು ಓದುಗರಿಗೆ ತೋರಬಹುದು. ನಮ್ಮ ದಿನದ ಓದಿನ ಬಹುಪಾಲು ನಡೆಯುವುದು ಅಲ್ಲಿಯೇ ಆದರೂ ಅದಕ್ಕೆ ಯಾವ ಶಿಸ್ತನ್ನೂ ನಾವು ಕಲಿತಿಲ್ಲ, ವಿದ್ಯಾರ್ಥಿಗಳಿಗೆ ಕಲಿಸಿಯೂ ಇಲ್ಲ ಎಂಬುದಷ್ಟೇ ಇದನ್ನು ಬರೆಯಲು ಇರುವ ಸಮರ್ಥನೆ.

ಟ್ಯಾಬುಗಳ ಚರಿತ್ರೆ ಚಿಕ್ಕದು. ಒಂದೇ ಕಿಟಕಿಯಲ್ಲಿ ಹಲವು ಪುಟಗಳನ್ನು ತೆರೆದಿಡುವ ಕಲ್ಪನೆ 1994ರಷ್ಟು ಹಿಂದಿನದಾದರೂ, ಅದು ಜನಸಾಮಾನ್ಯರ ಅಭ್ಯಾಸವಾದದ್ದು 2004ರಲ್ಲಿ ಫೈರ್‌ಫಾಕ್ಸ್ ಬಂದ ಬಳಿಕ. ಈ ಅಭ್ಯಾಸವನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪರಿಶೀಲಿಸಿದ್ದಾರೆ. ಜನರು ಟ್ಯಾಬನ್ನು ಮುಚ್ಚದೆ ಇರುವುದು ಸೋಮಾರಿತನದಿಂದಲ್ಲ, ಮುಚ್ಚಿದರೆ ಮತ್ತೆ ಸಿಗಲಿಕ್ಕಿಲ್ಲವೆಂಬ ಭಯದಿಂದ ಮತ್ತು ಉಳಿದ ಕೆಲಸದ ನೆನಪಿಗೆಂದು ಎಂಬುದು ಅವರ ಮುಖ್ಯ ಅವಲೋಕನಗಳಲ್ಲಿ ಒಂದು. ಟ್ಯಾಬುಗಳು ಮಿತಿಮೀರಿ ಬ್ರೌಸರೋ ಗಣಕವೋ ಕುಸಿದುಬಿದ್ದ ಅನುಭವವನ್ನು ಅಲ್ಲಿ ಭಾಗವಹಿಸಿದವರಲ್ಲಿ ಸುಮಾರು 25 ಪ್ರತಿಶತ ಮಂದಿ ಹೇಳಿಕೊಂಡಿದ್ದರು.

ಟ್ಯಾಬುಗಳ ಬಗೆಗೆ ಸಾಮಾನ್ಯವಾಗಿ ಕೇಳಿಬರುವ ಉಪದೇಶ ಒಂದೇ: ಧೈರ್ಯವಾಗಿ ಮುಚ್ಚಿಬಿಡಿ, ಬೇಕಾದಾಗ ಹುಡುಕಿದರೆ ಸಿಗುತ್ತದೆ. ಇಂಗ್ಲಿಷಿನ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ನೀಲಗಿರಿಯ ಭಾಷೆಗಳ ವಿಷಯದಲ್ಲಿ ನಿಜವಲ್ಲ. ಇಲ್ಲಿ ಮುಚ್ಚಿದ ಪುಟವನ್ನು ಮರಳಿ ಹುಡುಕುವ ಶ್ರಮ ಮೊದಲ ಸಲ ಹುಡುಕಿದ ಶ್ರಮಕ್ಕಿಂತ ಕಡಿಮೆಯಿರುವುದಿಲ್ಲ. ಇದಕ್ಕೆ ಕಾರಣಗಳು ನಮ್ಮ ಸಾಮಗ್ರಿಯ ಸ್ವರೂಪದಲ್ಲಿಯೇ ಇವೆ.

ಮೊದಲನೆಯದು ಹೆಸರುಗಳ ಸಮಸ್ಯೆ. ಉದಕಮಂಡಲವೇ ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು 1821ರ ಮಾರ್ಚಿನಲ್ಲಿ, ಮದ್ರಾಸಿನ ಪತ್ರಿಕೆಯೊಂದಕ್ಕೆ ಯಾರೋ ಬರೆದ ಕಾಗದದಲ್ಲಿ, ‘ವೋಟೊಕಿಮಂಡ್’ ಎಂಬ ರೂಪದಲ್ಲಿ. ಊರಿನ ಪಾಡೇ ಹೀಗಾದರೆ ಜನರ ಹೆಸರುಗಳ ಪಾಡನ್ನು ಕೇಳುವಂತಿಲ್ಲ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಬಡಗರು ‘ಬರ್ಗರ್’ಗಳಾಗಿ, ತೋಡರು ‘ತುದ’ರಾಗಿ ಬರುತ್ತಾರೆ. ಗೂಡಲೂರಿನ ಕಡೆಯ ಬೆಟ್ಟಕುರುಂಬರು ಗಡಿಯ ಆಚೆ ಕರ್ನಾಟಕದಲ್ಲಿ ಬೆಟ್ಟಕುರುಬರು, ಕಾಡುಕುರುಬರು, ವಯನಾಡಿನಲ್ಲಿ ಊರಾಳಿಗಳು. ನಮ್ಮ ಜೇನುಕುರುಬರು ತಮಿಳುನಾಡಿನ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕಾಟ್ಟುನಾಯಕನ್. ಮಸಿನಗುಡಿಯಲ್ಲಿ ನಿಂತು ನೋಡಿದರೆ ಒಂದೇ ಕಾಡಿನ ಒಂದೇ ಜನ. ಹುಡುಕುಯಂತ್ರಕ್ಕೆ ಮಾತ್ರ ಅವರು ಒಬ್ಬರಿಗೊಬ್ಬರು ಸಂಬಂಧವಿಲ್ಲದ ನಾಲ್ಕು ಪದಗಳು. ಯಾವ ಹೆಸರಿನ ಬಾಗಿಲಿನಿಂದ ಹೊಕ್ಕು ಈ ಪುಟವನ್ನು ತಲುಪಿದೆವು ಎಂಬುದನ್ನು ಮರೆತರೆ ಪುಟವೂ ಹೋದಂತೆಯೇ.

ಎರಡನೆಯದು ಲಿಪಿ. ಬಡಗುವಿಗೆ ಸರ್ವಮಾನ್ಯವಾದ ಸ್ವಂತ ಲಿಪಿಯಿಲ್ಲದ್ದರಿಂದ ಅದನ್ನು ಕನ್ನಡದಲ್ಲಿ, ತಮಿಳಿನಲ್ಲಿ, ರೋಮನ್‌ನಲ್ಲಿ ಅವರವರ ಅನುಕೂಲದಂತೆ ಬರೆಯುತ್ತಾರೆ. ಎಮೆನೋ 1939ರಲ್ಲಿಯೇ ವಿವರಿಸಿದ ಬಡಗುವಿನ ಮೂರ್ಧನ್ಯ ಛಾಯೆಯ ಸ್ವರಗಳನ್ನು ಗುರುತಿಸಲು ಈ ಮೂರರ ಸಾಮಾನ್ಯ ಬರವಣಿಗೆಯಲ್ಲಿಯೂ ಚಿಹ್ನೆಗಳಿಲ್ಲ. ವಿದ್ವಾಂಸರ ರೋಮನ್ ಲಿಪ್ಯಂತರದಲ್ಲಿ ಅಕ್ಷರದ ಮೇಲೂ ಕೆಳಗೂ ಗುರುತುಗಳಿದ್ದು, ಅವುಗಳಲ್ಲಿ ಒಂದು ತಪ್ಪಿದರೂ ಶೋಧ ಬರಿಗೈಯಲ್ಲಿ ಮರಳುತ್ತದೆ. ಮೂರನೆಯದು ಸ್ಕ್ಯಾನ್ ಮಾಡಿದ ಪುಸ್ತಕಗಳು. ಹಳೆಯ ಕನ್ನಡ ಮುದ್ರಣವನ್ನು ಯಂತ್ರ ಓದಿದರೆ ಹೊರಬರುವ ಪಠ್ಯ ಎಷ್ಟು ವಿಕಾರವಾಗಿರುತ್ತದೆಂದು ಪ್ರಯತ್ನಿಸಿದವರೆಲ್ಲ ಬಲ್ಲರು. ಯೂನಿಕೋಡ್ ರೂಢಿಗೆ ಬರುವ ಮೊದಲಿನ ಫಾಂಟುಗಳಲ್ಲಿ ಸಿದ್ಧವಾದ ಪಿಡಿಎಫ್ ಕಡತಗಳ ಸ್ಥಿತಿಯೂ ಅದೇ: ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ.

ಹೀಗಾಗಿ ಟ್ಯಾಬನ್ನು ಮುಚ್ಚಲು ನಾವು ಹಿಂಜರಿಯುವುದು ವಿವೇಕವೇ ಹೊರತು ವ್ಯಸನವಲ್ಲ. ತಪ್ಪಿರುವುದು ಬೇರೆ ಕಡೆ: ತೆರೆದಿಟ್ಟ ಪುಟವನ್ನು ನಾವು ಸಂಗ್ರಹವೆಂದು ಭಾವಿಸಿಕೊಂಡಿದ್ದೇವೆ.

ನನ್ನ ಅನುಭವವನ್ನು ಇಲ್ಲಿ ಹೇಳಬೇಕಾಗಿದೆ. ವಸತಿವಾಚಕ ಪದಗಳ ಕುರಿತ ಪ್ರಬಂಧವೊಂದಕ್ಕಾಗಿ 143 ಟ್ಯಾಬುಗಳನ್ನು ಒಂದೇ ಕಿಟಕಿಯಲ್ಲಿ ತೆರೆದಿಟ್ಟುಕೊಂಡಿದ್ದೆ. ಹಿಂದಿನ ಸ್ಥಿತಿಗೇ ಮರಳುವಂತೆ ಬ್ರೌಸರನ್ನು ಹೊಂದಿಸಿದ್ದರಿಂದ ನಿಶ್ಚಿಂತನಾಗಿದ್ದೆ. ಒಂದು ಸಂಜೆ ಮಳೆಗೆ ವಿದ್ಯುತ್ ಹೋಗಿ, ಬ್ಯಾಟರಿಯೂ ಮುಗಿಯುತ್ತ ಬಂದಾಗ, ಆ ದೊಡ್ಡ ಕಿಟಕಿಯನ್ನು ಮೊದಲು ಮುಚ್ಚಿ, ಪಕ್ಕದಲ್ಲಿ ಮಿಂಚಂಚೆಗೆಂದು ತೆರೆದಿದ್ದ ಸಣ್ಣ ಕಿಟಕಿಯನ್ನು ಕೊನೆಗೆ ಮುಚ್ಚಿದೆ. ಬ್ರೌಸರ್ ತಾನಾಗಿ ಮರಳಿಸುವುದು ಕೊನೆಗೆ ಮುಚ್ಚಿದ ಕಿಟಕಿಯನ್ನು. ಮರುದಿನ ಮಿಂಚಂಚೆಯಷ್ಟೇ ತೆರೆದುಕೊಂಡಿತು. ‘ಇತ್ತೀಚೆಗೆ ಮುಚ್ಚಿದವು’ ಎಂಬ ಪಟ್ಟಿಯನ್ನು ಆಗಲೇ ನೋಡಿದ್ದರೆ ದೊಡ್ಡ ಕಿಟಕಿ ಸಿಕ್ಕಿಬಿಡುತ್ತಿತ್ತು. ಬೇರೆ ಕೆಲಸದ ಅವಸರದಲ್ಲಿ ಅದು ಆಗಲಿಲ್ಲ. ಪ್ರಬಂಧಕ್ಕೆ ಮರಳಿದ್ದು ನಾಲ್ಕು ತಿಂಗಳ ಬಳಿಕ. ಕ್ರೋಮ್ ಬ್ರೌಸರ್ ಭೇಟಿಯ ಚರಿತ್ರೆಯನ್ನು 90 ದಿನ ಮಾತ್ರ ಇಟ್ಟುಕೊಳ್ಳುತ್ತದೆ ಎಂಬುದನ್ನು ನಾನು ಕಲಿತದ್ದು ಆಗ.

ಕಳೆದುಹೋದವುಗಳಲ್ಲಿ ಹೆಚ್ಚಿನವನ್ನು ಎರಡು ವಾರ ಕೂತು ಮತ್ತೆ ಕಟ್ಟಿಕೊಂಡೆ. ಒಂದನ್ನು ಮಾತ್ರ ಆಗಲಿಲ್ಲ. ಹಟ್ಟಿಗೆ ಸಂಬಂಧಿಸಿದ ಒಂದು ಸಮಾಸಪದ ನನ್ನ ಟಿಪ್ಪಣಿಯಲ್ಲಿತ್ತು, ಅದರ ಆಕರವಿರಲಿಲ್ಲ. ಆಕರ ಟ್ಯಾಬಿನಲ್ಲಿ ಇದೆಯಲ್ಲ ಎಂದುಕೊಂಡಿದ್ದೆ. ಈ ಅಭಾವ ಕ್ಷುಲ್ಲಕವಲ್ಲ. 1846ರಲ್ಲಿ ಕೇತಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವರ ಬರಹದಿಂದ ಬಂದ ರೂಪವಾದರೆ ಅದರಲ್ಲಿ ಅವರು ಮೊದಲೇ ಕಲಿತಿದ್ದ ಕನ್ನಡದ ನೆರಳು ಎಷ್ಟು ಎಂದು ಅಳೆಯಬೇಕಾಗುತ್ತದೆ. ನಿಘಂಟಿನಿಂದ ಬಂದದ್ದಾದರೆ ತೂಕ ಬೇರೆ. ಧ್ವನಿಮುದ್ರಣದಿಂದ ಬಂದದ್ದಾದರೆ ಮಾತಾಡಿದವರ ಊರು, ವಯಸ್ಸು ಬೇಕು. ಬಡಗು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಹಳೆಯ ವಾದದಲ್ಲಿ ಇಂಥ ರೂಪಗಳೇ ಸಾಕ್ಷಿಗಳಾಗಿ ನಿಲ್ಲುತ್ತವೆ. ಆ ವಾದ ಒಂದು ಸಮುದಾಯ ತನ್ನನ್ನು ತಾನು ಏನೆಂದು ಕರೆದುಕೊಳ್ಳಬೇಕೆಂಬುದಕ್ಕೆ ತಗುಲುವಂಥದು. ಮೂಲ ತಿಳಿಯದ ಸಾಕ್ಷಿಯನ್ನು ಅಲ್ಲಿ ನಿಲ್ಲಿಸಲಾಗದು. ಪ್ರಬಂಧದ ಆ ಭಾಗವನ್ನು ಕೈಬಿಟ್ಟೆ. ಆ ಪದವನ್ನು ಇಲ್ಲಿ ಕೊಡದಿರುವುದಕ್ಕೂ ಅದೇ ಕಾರಣ.

ಎಮೆನೋ 1935ರಿಂದ 1938ರವರೆಗಿನ ಭಾರತ ವಾಸದಲ್ಲಿ ತೋಡರ ನಡುವೆ ಕ್ಷೇತ್ರಕಾರ್ಯ ನಡೆಸಿದರು. ತೋಡ ಭಾಷೆಯ ಅವರ ವ್ಯಾಕರಣ ಹೊರಬಂದದ್ದು 1984ರಲ್ಲಿ. ಸುಮಾರು ಅರ್ಧ ಶತಮಾನದ ಆ ಅಂತರವನ್ನು ಟಿಪ್ಪಣಿ ಪುಸ್ತಕಗಳು ತಾಳಿಕೊಂಡವು. ನನ್ನ ಟ್ಯಾಬುಗಳು ನಾಲ್ಕು ತಿಂಗಳು ತಾಳಲಿಲ್ಲ.

ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮದ ತಿರುಳು ಟ್ಯಾಬುಗಳನ್ನು ಅವುಗಳ ಕೆಲಸದ ಮೇಲೆ ಬೇರ್ಪಡಿಸುವುದು. ನಿಘಂಟುಗಳಂಥ ನಿತ್ಯದ ಸಾಧನಗಳು ಟ್ಯಾಬುಗಳಾಗಿ ಇರಲೇಬೇಕಿಲ್ಲ. ಶಿಕಾಗೊ ವಿಶ್ವವಿದ್ಯಾಲಯದ ತಾಣದಲ್ಲಿರುವ ವ್ಯುತ್ಪತ್ತಿ ನಿಘಂಟು ನನ್ನಲ್ಲಿ ಒಮ್ಮೆಗೇ ಒಂಬತ್ತು ಟ್ಯಾಬುಗಳಲ್ಲಿ ತೆರೆದಿದ್ದದ್ದುಂಟು. ಅವುಗಳಿಗೆ ಒಂದು ಪುಟಗುರುತು ಸಾಕು. ಈಗ ಓದುತ್ತಿರುವ ಪುಟಗಳು ಐದಾರನ್ನು ಮೀರುವುದಿಲ್ಲ, ಮನುಷ್ಯನ ಗಮನ ಅಷ್ಟೇ. ಉಳಿದ ನೂರು ‘ಮುಂದೆ ನೋಡಬೇಕಾದವು’, ಅಂದರೆ ನೆನಪೋಲೆಗಳು. ಇವುಗಳ ದೋಷವೇನೆಂದರೆ ಪುಟ ಎದುರಿಗಿರುತ್ತದೆ, ಅಲ್ಲಿ ಏನನ್ನು ನೋಡಬೇಕೆಂದುಕೊಂಡಿದ್ದೆವೋ ಅದು ಎಲ್ಲೂ ಬರೆದಿರುವುದಿಲ್ಲ. ಆದ್ದರಿಂದ ಅಂಥ ಪ್ರತಿಯೊಂದು ಟ್ಯಾಬನ್ನೂ ಒಂದು ಸಾಲಿನ ಬರಹವಾಗಿ ಪರಿವರ್ತಿಸಿ ಮುಚ್ಚುತ್ತೇನೆ: ಯಾವ ಆಕರ, ಯಾವ ಪುಟ, ಯಾವ ಪ್ರಶ್ನೆ, ಯಾವ ಹೆಸರಿನಿಂದ ಹುಡುಕಿದಾಗ ಸಿಕ್ಕಿತು. ಕೊನೆಯದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ನಮಗೆ ಅತ್ಯಗತ್ಯವಾದದ್ದು ಅದೇ. ಹೀಗೆ ಒಂದು ಸಾಲು ಬರೆಯಲು ಬಾರದ ಟ್ಯಾಬು ಬಹುಶಃ ಬೇಕಾಗಿಯೇ ಇರಲಿಲ್ಲ.

ಪುಟಸಂಖ್ಯೆಯ ವಿಷಯದಲ್ಲಿ ಎಚ್ಚರ ಬೇಕು. ಇಂಟರ್‌ನೆಟ್ ಆರ್ಕೈವಿನ ಕೊಂಡಿಯಲ್ಲಿ ‘ಎನ್’ ಅಕ್ಷರದ ಮುಂದೆ ಕಾಣುವ ಅಂಕಿ ಸ್ಕ್ಯಾನಿನ ಬಿಂಬಸಂಖ್ಯೆಯೇ ಹೊರತು ಅಚ್ಚಿನ ಪುಟಸಂಖ್ಯೆಯಲ್ಲ, ಎರಡನ್ನೂ ಬರೆದಿಟ್ಟುಕೊಳ್ಳಬೇಕು. ವ್ಯುತ್ಪತ್ತಿ ನಿಘಂಟಿಗೆ ಕೊಂಡಿಗಿಂತ ನಮೂದಿನ ಸಂಖ್ಯೆಯೇ ಬಾಳಿಕೆಯದು. ಆದರೆ 1961ರ ಮೊದಲ ಆವೃತ್ತಿಯ ಸಂಖ್ಯೆಗಳು 1984ರ ಪರಿಷ್ಕೃತ ಆವೃತ್ತಿಯಲ್ಲಿ ಬದಲಾಗಿವೆ. ಹಳೆಯ ಲೇಖನಗಳು ಉಲ್ಲೇಖಿಸುವುದು ಮೊದಲನೆಯದನ್ನು. ಆವೃತ್ತಿಯನ್ನು ಹೇಳದ ಸಂಖ್ಯೆ ನಮ್ಮನ್ನು ಬೇರೆ ಪದದ ಮನೆಯ ಮುಂದೆ ನಿಲ್ಲಿಸುತ್ತದೆ.

ಈ ಸಾಲುಗಳನ್ನು ಎಲ್ಲಿ ಇಡಬೇಕು? ಬ್ರೌಸರಿನೊಳಗೆ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ಯಾಬುಗಳನ್ನು ಗುಂಪುಗೂಡಿಸುವ ಸೌಲಭ್ಯವನ್ನು ಫೈರ್‌ಫಾಕ್ಸ್ 2011ರಲ್ಲಿ ಕೊಟ್ಟು 2016ರಲ್ಲಿ ತೆಗೆದುಹಾಕಿತು, 2025ರಲ್ಲಿ ಹೊಸ ರೂಪದಲ್ಲಿ ಮತ್ತೆ ತಂದಿತು. ‘ಆಮೇಲೆ ಓದಲು’ ಪುಟಗಳನ್ನು ಕೂಡಿಡುತ್ತಿದ್ದ ಪಾಕೆಟ್ ಸೇವೆ 2025ರ ಜುಲೈಯಲ್ಲಿ ಮುಚ್ಚಿಯೇ ಹೋಯಿತು. ಕ್ರೋಮ್ 2020ರಿಂದ ಕೊಡುತ್ತಿರುವ ಬಣ್ಣದ ಗುಂಪುಗಳನ್ನು ನಾನೂ ಬಳಸುತ್ತೇನೆ, ಒಂದು ಕಿಟಕಿಗೆ ಒಂದೇ ಪ್ರಶ್ನೆ ಎಂಬ ನಿಯಮದೊಡನೆ; ಆದರೆ ಅದು ಆ ವಾರದ ಅನುಕೂಲಕ್ಕೆ ಮಾತ್ರ. ಉಳಿಯಬೇಕಾದದ್ದು ಝೊಟೆರೊದಂಥ ಆಕರ ಸಂಗ್ರಾಹಕದಲ್ಲಿರಲಿ, ಸಾದಾ ಪಠ್ಯ ಕಡತದಲ್ಲಿರಲಿ. ಒಂದು ಕಂಪನಿಯ ಮನಸ್ಸು ಬದಲಾದಾಗ ಮಾಯವಾಗಬಾರದು. ಅಲ್ಲಿ ಪ್ರತಿ ನಮೂದಿಗೂ ಭಾಷೆಯ ಅಂತಾರಾಷ್ಟ್ರೀಯ ಮೂರಕ್ಷರದ ಸಂಕೇತವನ್ನು ಹಚ್ಚಿದರೆ ಹೆಸರುಗಳ ಗೊಂದಲ ಬಹುಪಾಲು ಇಳಿಯುತ್ತದೆ. ಬಡಗುವಿಗೆ ಬಿಎಫ್‌ಕ್ಯೂ, ಕೋತಕ್ಕೆ ಕೆಎಫ್‌ಇ, ತೋಡಕ್ಕೆ ಟಿಸಿಎಕ್ಸ್, ಬೆಟ್ಟಕುರುಂಬಕ್ಕೆ ಎಕ್ಸ್‌ಯುಬಿ. ಈ ಸಂಕೇತಗಳು ಕುರುಂಬ ಭಾಷೆಗಳನ್ನು ವಿಂಗಡಿಸಿದ ರೀತಿಯನ್ನು ಎಲ್ಲರೂ ಒಪ್ಪಬೇಕಿಲ್ಲ, ನಾನೂ ಪೂರ್ತಿ ಒಪ್ಪುವುದಿಲ್ಲ. ಹುಡುಕಲು ಒಂದು ಹಿಡಿಯಾಗಿ ಮಾತ್ರ ಅವು ಉಪಯುಕ್ತ.

ಬೆಟ್ಟದಿಂದ ಕೆಳಗಿಳಿಯುವವರಿಗೆ ಇನ್ನೊಂದು ಮಾತು. ಇಂದಿನ ಬ್ರೌಸರುಗಳು ಬಹಳ ಹೊತ್ತು ಮುಟ್ಟದ ಟ್ಯಾಬುಗಳನ್ನು ಗಣಕದ ಸ್ಮೃತಿಯಿಂದ ಇಳಿಸಿ ಮಲಗಿಸುತ್ತವೆ. ಶೀರ್ಷಿಕೆ ಕಾಣುತ್ತಿರುತ್ತದೆ, ಒತ್ತಿದಾಗ ಪುಟವನ್ನು ಜಾಲದಿಂದ ಹೊಸದಾಗಿ ತರಿಸಬೇಕು. ಕಲ್ಲಟ್ಟಿಯ 36 ತಿರುವುಗಳನ್ನಿಳಿದು ಮಸಿನಗುಡಿ ಸೇರಿ, ಸಿಗ್ನಲ್ ಇಲ್ಲದ ಹಾಡಿಯಲ್ಲಿ ಹಿರಿಯರೊಬ್ಬರ ಎದುರು ಗಣಕ ತೆರೆದಾಗ, ಉದಕಮಂಡಲದಲ್ಲಿ ತೆರೆದಿಟ್ಟಿದ್ದ ಪದಪಟ್ಟಿಯ ಜಾಗದಲ್ಲಿ ಖಾಲಿ ಹಾಳೆ ಕಂಡರೆ ಅದು ಟ್ಯಾಬಿನ ತಪ್ಪಲ್ಲ. ಹೊರಡುವ ಹಿಂದಿನ ರಾತ್ರಿ ಬೇಕಾದ ಪುಟಗಳನ್ನು ಪಿಡಿಎಫ್ ಆಗಿ ಇಳಿಸಿಕೊಂಡಿರಬೇಕು. ಅಳಿಯುವ ಸಂಭವವಿರುವ ಸಾರ್ವಜನಿಕ ಪುಟಗಳನ್ನು ಇಂಟರ್‌ನೆಟ್ ಆರ್ಕೈವಿನ ವೇಬ್ಯಾಕ್ ಯಂತ್ರದಲ್ಲಿ ಉಳಿಸಿಡಲೂ ಒಂದು ನಿಮಿಷ ಸಾಕು.

ಧ್ವನಿಮುದ್ರಣಗಳನ್ನು ಮಾತ್ರ ಈ ಲೆಕ್ಕದಲ್ಲಿ ಸೇರಿಸಬಾರದು. ಅಪಾಯದಲ್ಲಿರುವ ಭಾಷೆಗಳ ದಾಖಲೆಗಳನ್ನು ಕಾಯುವ ಭಂಡಾರಗಳಲ್ಲಿ ಹಲವು ಕಡತಗಳು ನೋಂದಾಯಿಸಿಕೊಂಡವರಿಗೆ ಅಥವಾ ಅನುಮತಿ ಪಡೆದವರಿಗೆ ಮಾತ್ರ ತೆರೆಯುತ್ತವೆ. ಸಾವಿನ ವಿಧಿಯ ಮಾತುಗಳು, ದೈವದ ಹೆಸರುಗಳು, ಒಂದು ಮನೆಯವರ ಹಾಡು ಇವು ಯಾರ ಕಿವಿಗೆ ಬೀಳಬೇಕೆಂಬುದನ್ನು ಹಾಡಿದವರು ತೀರ್ಮಾನಿಸಿರುತ್ತಾರೆ. ಅಂಥ ಟ್ಯಾಬನ್ನು ಹಲವರು ಬಳಸುವ ಕಚೇರಿಯ ಗಣಕದಲ್ಲಿ ತೆರೆದಿಟ್ಟು ಊಟಕ್ಕೆ ಹೋಗುವುದೆಂದರೆ ಆ ಅನುಮತಿಯನ್ನು ಇನ್ನೊಬ್ಬರಿಗೆ ದಾಟಿಸಿದಂತೆ. ಇವುಗಳ ಬಗ್ಗೆ ನಾನು ಬರೆದಿಡುವುದು ಭಂಡಾರದ ಹೆಸರು, ಕಡತದ ಗುರುತು ಸಂಖ್ಯೆ, ಕೇಳಿದ ದಿನಾಂಕ, ಬೇಕಾದ ಮಾತು ಬರುವ ನಿಮಿಷ ಮತ್ತು ಸೆಕೆಂಡು ಇಷ್ಟನ್ನೇ. ಬರೆದಾದ ಕೂಡಲೇ ಖಾತೆಯಿಂದ ಹೊರಬಂದು ಟ್ಯಾಬನ್ನು ಮುಚ್ಚುತ್ತೇನೆ. ಮತ್ತೆ ಬೇಕಾದಾಗ ಮತ್ತೆ ಕೇಳಿಕೊಂಡೇ ಒಳಹೋಗುತ್ತೇನೆ.